ಎಂಜಿನಿಯರಿಂಗ್ ಸೀಟು: ಕರ್ನಾಟಕದಲ್ಲೇನಾ, ಗಡಿಯಾಚೆಗಾ?

ಪಿಯುಸಿ ಫಲಿತಾಂಶ ಬಂದಾಗಿನಿಂದ ಕಾಲೇಜು ಶುರುವಾಗುವವರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳಲ್ಲಿ ಒಂದೇ ಮಾತು. "ಸರ, ಹುಡುಗನ್ನ ಹೊರಗ ಹಾಕೂದು ಚೊಲೋನೋ, ಇಲ್ಲೇ ಹಾಕೂದು ಚೊಲೋನೋ?" ನಾನು ಪಿಯು ಮಕ್ಕಳಿಗೆ ಗಣಿತ ಹೇಳುವವನು. ಹಾಗಾಗಿ ಈ ಪ್ರಶ್ನೆ ನನಗೆ ಸ್ಟಾಫ್ ರೂಮಿನಲ್ಲೂ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲೂ ಬರುತ್ತದೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ಆದರೆ ಲೆಕ್ಕ ಹಾಕೋಕೆ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದೂರದ ವಿಚಾರ ಪಕ್ಕಕ್ಕಿಡಿ. ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿ.ಮೀ. ಬೆಂಗಳೂರು 500 ಕಿ.ಮೀ.ಗೂ ಜಾಸ್ತಿ. ಬೆಳಗಾವಿಯವರಿಗೆ ಕೊಲ್ಲಾಪುರ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು, ಬೆಂಗಳೂರು ರಾತ್ರಿ ರೈಲಿನ ಊರು. ನಮ್ಮ ಮೂರು ಜಿಲ್ಲೆಯವರಿಗೆ ಹೊರ ರಾಜ್ಯ ಎಷ್ಟೋ ಸಲ ರಾಜಧಾನಿಗಿಂತ ಹತ್ತಿರ. ಗಡಿ ದಾಟಿದಾಗ ನಿಜವಾಗಿ ಕೈಬಿಡುವುದು ನಾಲ್ಕು ಸಂಗತಿ: ಪಿಯುಸಿ ಅಂಕಕ್ಕೆ ಸಿಗುವ ಬೆಲೆ, ಮೀಸಲಾತಿ, ಸರ್ಕಾರ ನಿಗದಿ ಮಾಡಿದ ಶುಲ್ಕ, ರಾಜ್ಯದ ವಿದ್ಯಾರ್ಥಿವೇತನ. ಇವುಗಳಲ್ಲಿ ನಿಮ್ಮ ಮಗುವಿಗೆ ಎಷ್ಟು ಅನ್ವಯ ಆಗುತ್ತದೆ, ಅದನ್ನು ಬಿಟ್ಟುಕೊಟ್ಟರೆ ಬದಲಿಗೆ ಏನು ಸಿಗುತ್ತದೆ ಅಂತ ನೋಡಬೇಕು. ಮುಂದಿನದೆಲ್ಲ ಆ ಲೆಕ್ಕವೇ.

ಹೆಜ್ಜೆ 1: ಯಾವ ಬಾಗಿಲು ನಿಮಗೆ ತೆರೆದಿದೆ?

ಸಿಇಟಿ ಮೊದಲ ಬಾಗಿಲು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ತೂಕ ಸಿಇಟಿ ಅಂಕಕ್ಕೆ, ಇನ್ನರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ. ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ನಮ್ಮ ಹಳ್ಳಿ ಕಡೆಯ ಮಕ್ಕಳು ಬೋರ್ಡ್ ಪರೀಕ್ಷೆ ಚೆನ್ನಾಗಿ ಬರೆಯುತ್ತಾರೆ, ಆದರೆ ಪ್ರವೇಶ ಪರೀಕ್ಷೆಯಲ್ಲಿ ಸಮಯ ಸಾಲದೆ ಒದ್ದಾಡುತ್ತಾರೆ. ಅಂಥವರಿಗೆ ಆ ಪಿಯುಸಿ ಅರ್ಧ ದೊಡ್ಡ ಆಸರೆ. ಹೊರ ರಾಜ್ಯದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಸೇರುವುದಿಲ್ಲ.

ಎರಡನೆಯದು ಕಾಮೆಡ್‌ಕೆ. ಇದು ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆ. ಕಾಲೇಜು ಅದೇ, ಪಾಠ ಅದೇ, ಪಕ್ಕದ ಬೆಂಚೂ ಅದೇ. ಶುಲ್ಕ ಮಾತ್ರ ಬೇರೆ. ನಮ್ಮ ಖಾಸಗಿ ಅನುದಾನರಹಿತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45 ಸೀಟು ಸಿಇಟಿಗೆ, ಶೇ. 30 ಕಾಮೆಡ್‌ಕೆಗೆ, ಶೇ. 25 ಆಡಳಿತ ಮಂಡಳಿಗೆ. ಕಾಮೆಡ್‌ಕೆ ರ‍್ಯಾಂಕು ಪರೀಕ್ಷೆಯ ಅಂಕದ ಮೇಲಷ್ಟೇ ನಿಲ್ಲುತ್ತದೆ, ದೇಶದ ಎಲ್ಲ ಕಡೆಯವರೂ ಬರೆಯುತ್ತಾರೆ.

ಮೂರನೆಯದು ಜೆಇಇ. ಐಐಟಿ, ಎನ್‌ಐಟಿ, ಐಐಐಟಿ ಸೀಟುಗಳು ಜೋಸಾ ಅನ್ನುವ ಕೇಂದ್ರದ ಕೌನ್ಸೆಲಿಂಗ್ ಮೂಲಕ ಹಂಚಿಕೆಯಾಗುತ್ತವೆ. ಇಲ್ಲಿ ಒಂದು ಭ್ರಮೆ ಬಿಡಿಸಬೇಕು. ಧಾರವಾಡದ ಐಐಟಿ ನಮ್ಮ ನೆರೆಯಲ್ಲಿದೆ, 2016ರಿಂದ ನಡೆಯುತ್ತಿದೆ. ಆದರೆ ಕರ್ನಾಟಕದವರು ಅಂತ ಅಲ್ಲಿ ಒಂದು ಸೀಟೂ ಕಾದಿಟ್ಟಿಲ್ಲ. ಯಾವ ಐಐಟಿಯಲ್ಲೂ ಇಲ್ಲ. ಎನ್‌ಐಟಿಯ ಮಾತು ಬೇರೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ, ಅರ್ಧ ಬೇರೆ ರಾಜ್ಯದವರಿಗೆ.

ನಾಲ್ಕನೆಯದು ಸ್ವಂತ ಪರೀಕ್ಷೆ ನಡೆಸುವ ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳು. ವೆಲ್ಲೂರಿನ ವಿಐಟಿ, ಚೆನ್ನೈನ ಎಸ್‌ಆರ್‌ಎಂ, ಗೋವಾದಲ್ಲೂ ಕ್ಯಾಂಪಸ್ ಇರುವ ಬಿಟ್ಸ್ ಪಿಲಾನಿ, ಹೀಗೆ. ಮಣಿಪಾಲ ಕರ್ನಾಟಕದಲ್ಲೇ ಇದ್ದರೂ ಲೆಕ್ಕದಲ್ಲಿ ಈ ಗುಂಪಿಗೇ ಸೇರುತ್ತದೆ. ಅಲ್ಲಿಗೆ ಬೇರೆ ಪರೀಕ್ಷೆ, ಬೇರೆ ಶುಲ್ಕ.

ಐದನೆಯದು ಪಕ್ಕದ ರಾಜ್ಯಗಳ ಸಿಇಟಿ. ಸಾಂಗ್ಲಿಯ ವಾಲ್ಚಂದ್ ಕಾಲೇಜು 1947ರದ್ದು, ಚಿಕ್ಕೋಡಿ, ಅಥಣಿ ಕಡೆಯ ಹಳೆಯ ಎಂಜಿನಿಯರುಗಳ ಬಾಯಲ್ಲಿ ಅದರ ಹೆಸರು ಇವತ್ತಿಗೂ ಇದೆ. ಆದರೆ ಮಹಾರಾಷ್ಟ್ರದಲ್ಲಿ ಹೊರಗಿನವರಿಗೆ ಸಿಗುವ ಅಖಿಲ ಭಾರತ ಸೀಟುಗಳು ಕಡಿಮೆ, ಅದಕ್ಕೆ ಮೊದಲು ಜೆಇಇ ಮೇನ್ ಅಂಕ ನೋಡುತ್ತಾರೆ. ಗಡಿ ಭಾಗದಲ್ಲಿ ಓದಿದ ಮರಾಠಿ ಮಾತೃಭಾಷೆಯ ಮಕ್ಕಳಿಗೆ ಅಲ್ಲಿನ ನಿಯಮದಲ್ಲಿ ಪ್ರತ್ಯೇಕ ಅವಕಾಶ ಇದೆ. ಉಳಿದವರು ಹತ್ತಿರದ ಊರು ಅಂತ ಸುಮ್ನೆ ಆಸೆ ಇಟ್ಟುಕೊಳ್ಳುವುದು ಬೇಡ.

ಹೆಜ್ಜೆ 2: ಕಾಗದ ಪತ್ರ ತೆಗೆದು ನೋಡಿ

ಜನ ಈ ಹೆಜ್ಜೆಯನ್ನು ಕೊನೆಗೆ ಇಡುತ್ತಾರೆ. ನಾನು ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಗಡಿ ಜಿಲ್ಲೆಗಳಲ್ಲಿ ಮಗು ಎಲ್ಲಿ ಓದಿತು ಅನ್ನುವುದೇ ಅರ್ಧ ಉತ್ತರ ಹೇಳಿಬಿಡುತ್ತದೆ.

ಸಿಇಟಿಯ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮ ಇದು: 1ನೇ ತರಗತಿಯಿಂದ 2ನೇ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಇಲ್ಲೇ ಪಾಸಾಗಿರಬೇಕು. ಮಗ ಹತ್ತನೇ ತನಕ ಇಂಡಿಯಲ್ಲಿ ಓದಿ 11, 12ಕ್ಕೆ ಲಾತೂರಿಗೋ ಹೈದರಾಬಾದಿಗೋ ಹೋಗಿದ್ದರೂ ಸಿಇಟಿ ಹಕ್ಕು ಉಳಿಯುತ್ತದೆ. ಆದರೆ ಎನ್‌ಐಟಿ ವಿಚಾರದಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ತವರು ರಾಜ್ಯ ಅಂದರೆ 12ನೇ ತರಗತಿ ಪಾಸಾದ ರಾಜ್ಯ. ಹುಟ್ಟಿದ ಊರು, ಆಧಾರ್ ವಿಳಾಸ, ಅಪ್ಪನ ಜಮೀನು ಯಾವುದೂ ನಡೆಯುವುದಿಲ್ಲ. ಲಾತೂರಿನಲ್ಲಿ 12ನೇ ಮುಗಿಸಿದ ಹುಡುಗನಿಗೆ ನಾಗಪುರದ ಎನ್‌ಐಟಿ ತವರು, ಸುರತ್ಕಲ್ ಪರಊರು. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹನ್ನೊಂದನೇ ತರಗತಿಗೆ ಹೋಗುವ ಮಕ್ಕಳಿಗೆ ಇದನ್ನು ಎರಡು ವರ್ಷ ಮೊದಲೇ ಯಾರಾದರೂ ಹೇಳಬೇಕು. ಈಗ ಹತ್ತನೇ ಓದುವ ಮಗು ಮನೆಯಲ್ಲಿದ್ದರೆ ಇವತ್ತೇ ಗೊತ್ತಿರಲಿ.

ಗಡಿಯಾಚೆ ಇರುವ ನಮ್ಮವರಿಗೂ ಒಂದು ದಾರಿ ಇದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಮಾತೃಭಾಷೆಯ ಮಕ್ಕಳು ಗಡಿನಾಡು ಕನ್ನಡಿಗರು ಅಂತ ಸಿಇಟಿಗೆ ಬರಬಹುದು. ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಅತ್ತೆ ಮಾವನ ಮನೆ ಆ ಕಡೆ ಇದ್ದರೆ ಅವರಿಗೆ ತಿಳಿಸಿ.

ಇನ್ನು 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ವಿಜಯಪುರದಲ್ಲಿ ಪ್ರತಿ ವರ್ಷ ಯಾರಾದರೂ ಇದರ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಇದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ. ಸಿಂದಗಿ ದಾಟಿದ ಮೇಲೆ ಜೇವರ್ಗಿಯವರಿಗೆ ಇದೆ, ನಮಗಿಲ್ಲ. ಬೆಳಗಾವಿ, ಬಾಗಲಕೋಟೆಯವರಿಗೂ ಇಲ್ಲ.

ನಮಗೆ ಇರುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ. 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ ಶೇ. 5. ಬಬಲೇಶ್ವರದ ಸರ್ಕಾರಿ ಶಾಲೆಯ ಹುಡುಗಿಗೆ ಇವು ಕೊಡುವ ಅನುಕೂಲ ಸಣ್ಣದಲ್ಲ. ಅದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಮೇಲುಸಹಿ ಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯದು, ಅದರ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ಹಾಕಬೇಕು. ಹೆಸರಿನ ಒಂದು ಅಕ್ಷರ ಅಂಕಪಟ್ಟಿಯಲ್ಲಿ ಒಂದು ಥರ, ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದ್ದರೆ ಅದನ್ನು ಏಪ್ರಿಲ್‌ನಲ್ಲೇ ಸರಿ ಮಾಡಿಸಿ. ಜುಲೈನಲ್ಲಿ ನಾಡಕಚೇರಿ ಮುಂದಿನ ಪಾಳಿ ನೋಡಿದವರಿಗೆ ನಾನು ಯಾಕೆ ಹೇಳುತ್ತೇನೆ ಅಂತ ಗೊತ್ತು.

ಗಡಿ ದಾಟಿದ ಕೂಡಲೇ ಇವುಗಳಲ್ಲಿ ಒಂದೂ ನಡೆಯುವುದಿಲ್ಲ. ಮಹಾರಾಷ್ಟ್ರದಲ್ಲೋ ತಮಿಳುನಾಡಿನಲ್ಲೋ ರಾಜ್ಯದ ಮೀಸಲಾತಿ ಆ ರಾಜ್ಯದವರಿಗೆ. ನಮ್ಮ 2ಎ, 3ಬಿ ಅಲ್ಲಿ ಬರೀ ಕಾಗದ. ಜೋಸಾಕ್ಕೆ ಬೇಕಾದದ್ದು ಕೇಂದ್ರದ ಪಟ್ಟಿ, ಅದೇ ಬೇರೆ. ರಾಜ್ಯದಲ್ಲಿ 3ಬಿ ಇದ್ದವರೆಲ್ಲ ಕೇಂದ್ರದ ಒಬಿಸಿ ಆಗುವುದಿಲ್ಲ. ಉಪಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಯೇ ಮುಂದೆ ಹೋಗಿ. ಇದ್ದರೆ ಆ ವರ್ಷದ ಏಪ್ರಿಲ್ 1ರ ನಂತರ ಪಡೆದ ಕೇಂದ್ರ ನಮೂನೆಯ ಪ್ರಮಾಣಪತ್ರ ಬೇಕು. ಕೇಂದ್ರದ ಯಾವ ಮೀಸಲು ಪಟ್ಟಿಯಲ್ಲೂ ಇಲ್ಲದವರಿಗೆ ಇಡಬ್ಲ್ಯೂಎಸ್ ಅಂತ ಶೇ. 10 ಇದೆ. ಅದರ ಷರತ್ತು ನಮ್ಮ ಕಡೆಗೆ ಸ್ವಲ್ಪ ವಿಚಿತ್ರ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಕಾಲುವೆ ನೀರು ಕಾಣದ ಆರು ಎಕರೆ ಒಣಬೇಸಾಯದವನೂ ಈ ಲೆಕ್ಕದಲ್ಲಿ ಸ್ಥಿತಿವಂತನೇ! ಇದಕ್ಕೆ ನಾವು ಮಾಡುವಂಥದ್ದೇನೂ ಇಲ್ಲ. ಪಹಣಿ ತೆಗೆದುಕೊಂಡು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಹೆಜ್ಜೆ 3: ನಿಜವಾಗಿ ಸಿಗುವ ಸೀಟು ಯಾವುದು?

"ಆರ್‌ವಿ ಆದ್ರ ಇಲ್ಲೇ, ಇಲ್ಲಾಂದ್ರ ಹೊರಗ" ಅನ್ನುವ ಮಾತು ರ‍್ಯಾಂಕ್ ಬರುವ ತನಕ ಚೆಂದ. ರ‍್ಯಾಂಕ್ ಬಂದ ಮೇಲೆ ಹೋಲಿಸಬೇಕಾದದ್ದು ಸಿಗುವ ಸೀಟನ್ನು ಸಿಗುವ ಸೀಟಿನ ಜೊತೆಗೆ.

ಕೆಇಎ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ಪಟ್ಟಿ ಹಾಕಿರುತ್ತದೆ. ಅದರಲ್ಲಿ ಕಾಲೇಜು, ಶಾಖೆ ಮತ್ತು ವರ್ಗದ ಸಂಕೇತ ಇರುತ್ತವೆ. ಜಿಎಂ ಅಂದರೆ ಸಾಮಾನ್ಯ, ಜಿಎಂಆರ್ ಅಂದರೆ ಸಾಮಾನ್ಯ ಗ್ರಾಮೀಣ, ಜಿಎಂಕೆ ಅಂದರೆ ಸಾಮಾನ್ಯ ಕನ್ನಡ ಮಾಧ್ಯಮ. 3ಬಿಜಿ, 3ಬಿಆರ್, 3ಬಿಕೆ ಹಾಗೆಯೇ. ನಿಮ್ಮ ಮಗುವಿನ ಕಂಬಸಾಲು ಯಾವುದೋ ಅದರಲ್ಲೇ ನೋಡಿ. ಜಿಎಂ ಅಂಕಿ ನೋಡಿ ಕೈಚೆಲ್ಲಿ ಕೂತ ಮನೆಗಳಿವೆ, ಅವರದೇ ಗ್ರಾಮೀಣ ಸಾಲಿನಲ್ಲಿ ಸೀಟು ಇತ್ತು. ಎರಡು ವರ್ಷದ ಪಟ್ಟಿ, ಕೊನೆಯ ಸುತ್ತಿನದು, ಎದುರಿಗಿಟ್ಟುಕೊಂಡರೆ ಅಂದಾಜು ಸಿಗುತ್ತದೆ.

ಇದರ ಜೊತೆಗೆ ಎಸ್‌ಎನ್‌ಕ್ಯೂ ಸಾಲನ್ನೂ ನೋಡಿ. ಮಂಜೂರಾದ ಸೀಟಿನ ಮೇಲೆ ಶೇ. 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ವಾರ್ಷಿಕ ಆದಾಯ 8 ಲಕ್ಷದೊಳಗಿನ ಕುಟುಂಬಕ್ಕೆ ಮಾತ್ರ. ರಾಜ್ಯದೊಳಗಿನವರಿಗಷ್ಟೇ ಸಿಗುವ ಈ ಸೀಟನ್ನು ಗಮನಿಸುವವರು ಕಡಿಮೆ. ಅನುದಾನಿತ ಸೀಟಿನ ಕಥೆಯೂ ಹೀಗೇ. 1963ರಲ್ಲಿ ಶುರುವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲವು ಶಾಖೆಗಳು ಅನುದಾನಿತ. ಒಂದೇ ಕ್ಯಾಂಪಸ್ಸು, ಶುಲ್ಕದಲ್ಲಿ ಮಾತ್ರ ದೊಡ್ಡ ಅಂತರ.

ಹೆಜ್ಜೆ 4: ನಾಲ್ಕು ವರ್ಷದ ದುಡ್ಡು

ಒಂದು ವರ್ಷದ ಶುಲ್ಕ ನೋಡಿ ಯಾರೂ ನಿರ್ಧರಿಸಬಾರದು. ಒಂದು ಹಾಳೆ ತೆಗೆದುಕೊಂಡು ನಾಲ್ಕು ವರ್ಷದ ಮೊತ್ತ ಬರೆಯಿರಿ. ಉದಾಹರಣೆಗೆ ಅಂತ ಎರಡು ಲೆಕ್ಕ ಹಾಕೋಣ, ಅಂಕಿ ನಿಮ್ಮ ಕಾಲೇಜಿನದು ಹಾಕಿಕೊಳ್ಳಿ.

ಇಂಡಿ ತಾಲ್ಲೂಕಿನ ಒಂದು ಮನೆ. ಸಿಇಟಿ ಸೀಟು ಬೆಳಗಾವಿಯ ಖಾಸಗಿ ಕಾಲೇಜಿನಲ್ಲಿ. ಶುಲ್ಕ ವರ್ಷಕ್ಕೆ 1 ಲಕ್ಷ, ಹಾಸ್ಟೆಲ್ ಮತ್ತು ಊಟ 90 ಸಾವಿರ, ಓಡಾಟ, ಪುಸ್ತಕ, ಬಟ್ಟೆ 30 ಸಾವಿರ ಅಂತಿಟ್ಟುಕೊಳ್ಳಿ. ವರ್ಷಕ್ಕೆ 2.2 ಲಕ್ಷ, ನಾಲ್ಕು ವರ್ಷಕ್ಕೆ 8.8 ಲಕ್ಷ. ಅದೇ ಮಗುವಿಗೆ ಹೊರ ರಾಜ್ಯದ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಶುಲ್ಕ 3.5 ಲಕ್ಷ, ಹಾಸ್ಟೆಲ್ 1.5 ಲಕ್ಷ, ಉಳಿದದ್ದು 50 ಸಾವಿರ. ನಾಲ್ಕು ವರ್ಷಕ್ಕೆ 22 ಲಕ್ಷ. ಅಂತರ 13.2 ಲಕ್ಷ. ಇಷ್ಟನ್ನು ಶೇ. 10 ಬಡ್ಡಿಗೆ ಹತ್ತು ವರ್ಷದ ಸಾಲ ಅಂತ ನೋಡಿದರೆ ತಿಂಗಳ ಕಂತು 17 ಸಾವಿರದ ಮೇಲೆ ಬರುತ್ತದೆ. ಓದುವಾಗ ಸೇರುವ ಬಡ್ಡಿ ಬೇರೆ.

ಈಗ ಮುಂದೆ ಸಿಗುವ ಸಂಬಳದ ಅಂಕಿ ನೋಡಿ. ದೊಡ್ಡ ಐಟಿ ಸೇವಾ ಕಂಪನಿಗಳು ಗುಂಪಾಗಿ ತೆಗೆದುಕೊಳ್ಳುವ ಹೊಸಬರಿಗೆ ಬಹಳ ವರ್ಷಗಳಿಂದ ವರ್ಷಕ್ಕೆ ಮೂರೂವರೆ, ನಾಲ್ಕು ಲಕ್ಷದ ಸುತ್ತಲೇ ಕೊಡುತ್ತಿವೆ. ಬಾಗಲಕೋಟೆಯಲ್ಲಿ ಓದಿದವನಿಗೂ ಅಷ್ಟೇ, ಚೆನ್ನೈನಲ್ಲಿ ಓದಿದವನಿಗೂ ಅಷ್ಟೇ. ಆ ಸಂಬಳದಲ್ಲಿ 17 ಸಾವಿರ ಕಂತು ಕಟ್ಟಿ ಬೆಂಗಳೂರಿನ ಪಿಜಿಯಲ್ಲಿ ಬದುಕೋದು ಹೇಗೆ? 13 ಲಕ್ಷ ಜಾಸ್ತಿ ಕೊಡುವ ಜಾಗ ಅದಕ್ಕಿಂತ ಮೇಲಿನ ಕೆಲಸ ಬಹುಪಾಲು ಮಕ್ಕಳಿಗೆ ಕೊಡಿಸುತ್ತದಾ ಅನ್ನೋದಷ್ಟೇ ಪ್ರಶ್ನೆ.

ಸರ್ಕಾರಿ ಸಂಸ್ಥೆಗಳ ಲೆಕ್ಕ ಬೇರೆ. ಎನ್‌ಐಟಿಯಲ್ಲಿ ಬೋಧನಾ ಶುಲ್ಕ ವರ್ಷಕ್ಕೆ 1.25 ಲಕ್ಷ, ಐಐಟಿಯಲ್ಲಿ 2 ಲಕ್ಷ. ಆದರೆ ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಅದು ಪೂರ್ತಿ ಮಾಫಿ, 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಪೂರ್ತಿ ಮಾಫಿ. ಎಷ್ಟೋ ರೈತ ಕುಟುಂಬಕ್ಕೆ ವಾರಂಗಲ್ ಎನ್‌ಐಟಿ ಊರ ಪಕ್ಕದ ಕಾಮೆಡ್‌ಕೆ ಸೀಟಿಗಿಂತ ಅಗ್ಗ ಬೀಳುತ್ತದೆ.

ಸಣ್ಣಪುಟ್ಟ ಸಾಲುಗಳನ್ನೂ ಬಿಡಬೇಡಿ. ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ, ವಿದ್ಯಾಸಿರಿ, ಸಿಇಟಿ ಸೀಟಿಗೆ ನಿಗಮಗಳು ಕೊಡುವ ಅರಿವು ಸಾಲ ಇವೆಲ್ಲ ರಾಜ್ಯದ ಸೀಟಿನ ಜೊತೆಗೆ ಬರುವಂಥವು. ಹೊರಗೆ ಹೋದರೆ ಯಾವುದು ಉಳಿಯುತ್ತದೆ ಅಂತ ಜಿಲ್ಲಾ ಕಚೇರಿಯಲ್ಲಿ ಮೊದಲೇ ಕೇಳಿ. ಹುಡುಗಿಯರಿಗೆ ಇನ್ನೊಂದು ಸಾಲು ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಬೆಳಗಾವಿಯಿಂದ ಮುದ್ದೇಬಿಹಾಳಕ್ಕೆ ತಿಂಗಳಿಗೊಮ್ಮೆ ಬಂದು ಹೋದರೂ ಕೈಯಿಂದ ಏನೂ ಹೋಗುವುದಿಲ್ಲ. ಗಡಿಯಾಚೆ ಅದು ಇಲ್ಲ.

ಸಾಲ ಬೇಕೇ ಬೇಕು ಅನ್ನುವವರಿಗೆ: ಸಾಮಾನ್ಯ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡುವ ವ್ಯವಸ್ಥೆ ಇದೆ, ಅದರ ಮೇಲೆ ಆಸ್ತಿ ಕೇಳುತ್ತಾರೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗೆ ಮೆರಿಟ್ ಮೇಲೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ. ಸೀಟು ಒಪ್ಪುವ ಮೊದಲು ಆ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಆಡಳಿತ ಮಂಡಳಿ ಸೀಟಿಗೆ ಇದು ಇಲ್ಲ.

ಹೆಜ್ಜೆ 5: ಕಾಲೇಜನ್ನು ನೋಡುವುದು ಹೇಗೆ

ಮೇ ತಿಂಗಳಲ್ಲಿ ಹೋಟೆಲ್ ಹಾಲ್‌ಗಳಲ್ಲಿ ಶಿಕ್ಷಣ ಮೇಳ ಆಗುತ್ತವಲ್ಲ, ಅಲ್ಲಿ ಕೊಡುವ ಹೊಳೆಯುವ ಪುಸ್ತಿಕೆ ಓದಬೇಡಿ. ಅದರಲ್ಲಿ ಒಬ್ಬ ಹುಡುಗನ ಫೋಟೋ, ಪಕ್ಕದಲ್ಲಿ 40 ಲಕ್ಷದ ಪ್ಯಾಕೇಜು ಇರುತ್ತದೆ. ಅವನ ಜೊತೆ ಓದಿದ ಉಳಿದವರ ಕಥೆ ಇರುವುದಿಲ್ಲ. ಇದಕ್ಕೆ ಒಂದು ಒಳ್ಳೆಯ ಮದ್ದಿದೆ. ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ತಮ್ಮ ಮಾಹಿತಿಯನ್ನು ಸಾರ್ವಜನಿಕವಾಗಿ ಹಾಕಬೇಕು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ ಎಷ್ಟು, ಎಲ್ಲ ಅದರಲ್ಲಿದೆ. ಮಧ್ಯಾಂಕ ಅಂದರೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ. ನಿಮ್ಮ ಮಗ ನಡುವೆ ನಿಲ್ಲುವ ಸಾಧ್ಯತೆಯೇ ಜಾಸ್ತಿ ಅಲ್ವಾ? ಇಲ್ಲಿನ ಕಾಲೇಜಿನದೂ ಹೊರಗಿನದೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವು ಸಲ ನಗು ಬರುತ್ತದೆ.

ನ್ಯಾಕ್ ಇಡೀ ಸಂಸ್ಥೆಗೆ ಸಿಗುವ ಮಾನ್ಯತೆ. ಎನ್‌ಬಿಎ ಒಂದೊಂದು ಶಾಖೆಗೆ ಬೇರೆ ಬೇರೆ. ಮೆಕ್ಯಾನಿಕಲ್‌ಗೆ ಎನ್‌ಬಿಎ ಇದ್ದು ಹೊಸದಾಗಿ ಶುರುವಾದ ಎಐ ಶಾಖೆಗೆ ಇಲ್ಲದಿರಬಹುದು. ನಿಮ್ಮ ಶಾಖೆಯದು ಕೇಳಿ. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ "ಸ್ಟಡಿ ಸೆಂಟರ್" ನಿಮ್ಮ ಊರಲ್ಲೇ ಇದೆ, ಬಿಟೆಕ್ ಮಾಡಿಸುತ್ತೇವೆ ಅಂತ ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸಿ. ದೂರಶಿಕ್ಷಣದ ಬಿಟೆಕ್‌ಗೆ ಮಾನ್ಯತೆ ಇಲ್ಲ.

ಆಮೇಲೆ ಒಂದು ಕೆಲಸದ ದಿನ ಕಾಲೇಜಿಗೇ ಹೋಗಿ. ಆಫೀಸಿಗೆ ಆಮೇಲೆ, ಮೊದಲು ಕ್ಯಾಂಟೀನಿಗೆ. ಮೂರನೇ ವರ್ಷದ ಹುಡುಗರನ್ನು ಹುಡುಕಿ. ಮೊದಲ ವರ್ಷದವರಿಗೆ ಗೊತ್ತಿರುವುದಿಲ್ಲ, ಕೊನೆ ವರ್ಷದವರು ಕೆಲಸದ ಚಿಂತೆಯಲ್ಲಿ ಇರುತ್ತಾರೆ. "ತಮ್ಮಾ, ಲ್ಯಾಬ್ ನೀವೇ ಮಾಡ್ತೀರೋ, ಮಾಡಿದ್ದನ್ನ ಬರಕೋತೀರೋ?" ಅಂತ ಕೇಳಿ. ನಿಮ್ಮ ಶಾಖೆಯಲ್ಲಿ ಎಷ್ಟು ಸೆಕ್ಷನ್ ಇವೆ ಅಂತ ಕೇಳಿ. ಕೆಲವು ದೊಡ್ಡ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಒಂದಕ್ಕೇ ಸಾವಿರಗಟ್ಟಲೆ ಮಕ್ಕಳು. ಕಳೆದ ಸೆಮಿಸ್ಟರಿನಲ್ಲಿ ಎಷ್ಟು ಮೇಷ್ಟ್ರು ಕೆಲಸ ಬಿಟ್ಟರು ಅಂತಲೂ ಕೇಳಿ. ಹುಡುಗರು ಇಂಥದ್ದಕ್ಕೆ ಸುಳ್ಳು ಹೇಳುವುದಿಲ್ಲ.

ಶಾಖೆ ನೋಡಿಯೂ ಊರು ಬದಲಾಗುತ್ತದೆ. ಕಂಪ್ಯೂಟರ್ ಓದುವವನಿಗೆ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಹುಡುಕೋದು ಸುಲಭ, ಅದು ನಿಜ. ಮೆಕ್ಯಾನಿಕಲ್‌ನವನಿಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು, ಹತ್ತರಗಿಯ ಏಕಸ್ ವೈಮಾನಿಕ ಬಿಡಿಭಾಗದ ಘಟಕಗಳು ಬಸ್ಸಿನ ದೂರದಲ್ಲಿವೆ. ಎಲೆಕ್ಟ್ರಿಕಲ್‌ನವನಿಗೆ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಎನ್‌ಟಿಪಿಸಿ, ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್, ಬಾಗಲಕೋಟೆ ತುಂಬ ವಿದ್ಯುತ್ ಮಾಡುವ ಸಕ್ಕರೆ ಕಾರ್ಖಾನೆ. ಇಂಥದ್ದು ಬಿಟ್ಟು ಇದೇ ಶಾಖೆ ಓದೋಕೆ 1,000 ಕಿ.ಮೀ. ಹೋಗುವವರನ್ನು ನೋಡಿದರೆ ನನಗೆ ಅರ್ಥ ಆಗುವುದಿಲ್ಲ.

ಹೆಜ್ಜೆ 6: ಮಗು ಏನನ್ನುತ್ತದೆ?

ಊಟದ ವಿಚಾರ ಎಲ್ಲರೂ ದೊಡ್ಡದು ಮಾಡುತ್ತಾರೆ. ಮೂರು ತಿಂಗಳಲ್ಲಿ ಮಕ್ಕಳು ಅನ್ನ ಸಾರಿಗೆ ಒಗ್ಗುತ್ತಾರೆ, ರಜೆಗೆ ಬಂದಾಗ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದರೆ ಆಯ್ತು. ಕನ್ನಡ ಮಾಧ್ಯಮದಿಂದ ಬಂದ ಮಗುವಿನ ಕಷ್ಟ ಬೇರೆ. ಇಲ್ಲಿನ ಕಾಲೇಜಿನಲ್ಲಿ ಮೇಷ್ಟ್ರು ಪಾಠ ಮುಗಿಸಿ ಕನ್ನಡದಲ್ಲಿ ಒಮ್ಮೆ ಹೇಳಿಬಿಡುತ್ತಾರೆ. ಹೊರಗೆ ಆ ಅನುಕೂಲ ಇಲ್ಲ, ಮೊದಲ ವರ್ಷ ಭಾರ ಆಗುತ್ತದೆ.

ಹುಡುಗಿಯರ ಬಗ್ಗೆ ನನಗೊಂದು ತಕರಾರಿದೆ. ಐಐಟಿ, ಎನ್‌ಐಟಿಗಳಲ್ಲಿ 2018ರಿಂದ ಹುಡುಗಿಯರಿಗೆಂದೇ ಹೆಚ್ಚುವರಿ ಸೀಟುಗಳಿವೆ. ಅವರ ಕಟ್‌ಆಫ್ ಸಾಮಾನ್ಯವಾಗಿ ಸಡಿಲ. ನಮ್ಮಲ್ಲಿ ಮಾತ್ರ ಅಣ್ಣನನ್ನು ಸಾಲ ಮಾಡಿ ಹೊರಗೆ ಕಳಿಸಿ, ಅವನಿಗಿಂತ ಜಾಣ ತಂಗಿಯನ್ನು "ಇಲ್ಲೇ ಹತ್ತಿರ ಇರಲಿ" ಅಂತ ಹಿಡಿಯುತ್ತಾರೆ. ಕ್ಯಾಂಪಸ್ ಒಳಗೆ ಹಾಸ್ಟೆಲ್ ಇರುವ ಸರ್ಕಾರಿ ಸಂಸ್ಥೆಗೆ ಹೆದರುವುದೇನಿದೆ?

ಯಾರು ಹೊರಗೆ ಹೋಗಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ಐಐಟಿ, ಮೇಲ್ಮಟ್ಟದ ಎನ್‌ಐಟಿ, ಬಿಟ್ಸ್‌ನಂಥ ಸೀಟು ಸಿಕ್ಕರೆ ಯಾವ ರಾಜ್ಯ ಅಂತ ನೋಡಬೇಡಿ, ಹೋಗಿ. ದುಡ್ಡಿನ ಲೆಕ್ಕ ಕೂಡಿ ಬರಬೇಕು ಅಷ್ಟೇ. ಅದರ ಕೆಳಗಿನ ಮಟ್ಟದಲ್ಲಿ ಸರ್ಕಾರಿ ಕೋಟಾದಲ್ಲಿ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿಯ ಗೋಗಟೆ, ಧಾರವಾಡದ ಎಸ್‌ಡಿಎಂ, ಬಾಗಲಕೋಟೆಯ ಬಸವೇಶ್ವರ, ವಿಜಯಪುರದ ಬಿಎಲ್‌ಡಿಇ ಇಂಥಲ್ಲಿ ಬೇಕಾದ ಶಾಖೆ ಸಿಗುತ್ತಿದ್ದರೆ, 20 ಲಕ್ಷ ಕೊಟ್ಟು ಹೊರಗೆ ಹೋಗೋಕೆ ಗಟ್ಟಿ ಕಾರಣ ಬೇಕು. "ನೆಂಟರ ಮಗ ಹೋದ" ಅನ್ನೋದು ಕಾರಣ ಅಲ್ಲ. ಇಲ್ಲಿ ಓದಿ, ಗೇಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಟೆಕ್‌ಗೆ ಐಐಟಿಗೆ ಹೋಗುವ ದಾರಿಯೂ ಇದೆ. ಆಗ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಅವರೇ ಕೊಡುತ್ತಾರೆ.

ಹೆಜ್ಜೆ 7: ದಿನಾಂಕಗಳ ಜಗ್ಗಾಟ

ನಿಜವಾದ ತಲೆನೋವು ಇದು. ಡೀಮ್ಡ್ ವಿಶ್ವವಿದ್ಯಾಲಯಗಳು ಏಪ್ರಿಲ್, ಮೇನಲ್ಲೇ "ಸೀಟು ಕಾಯ್ದಿರಿಸಿ, ಇವತ್ತೇ ಕೊನೆ" ಅಂತ ಫೋನ್ ಮಾಡುತ್ತವೆ. ಜೋಸಾ ಜೂನ್, ಜುಲೈನಲ್ಲಿ. ಕೆಇಎ ಸುತ್ತುಗಳು ಅದಕ್ಕೂ ಮುಂದೆ. ಅಂದರೆ ಮೊದಲು ಬರುವುದು ದುಬಾರಿ ಸೀಟು, ಕೊನೆಗೆ ಬರುವುದು ಅಗ್ಗದ್ದು. ಭಯದಲ್ಲಿ ಕಟ್ಟಿಬಿಡುತ್ತಾರೆ.

ಕಟ್ಟಲೇಬೇಕಾದರೆ ಕನಿಷ್ಠ ಮೊತ್ತ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ವಾಪಸ್ ನಿಯಮ ಬರಹದಲ್ಲಿ ಕೇಳಿ. ಶುಲ್ಕ ವಾಪಸ್ ಬಗ್ಗೆ ಯುಜಿಸಿ ನಿಯಮ ಹೊರಡಿಸುತ್ತದೆ. 2024-25ರಲ್ಲಿ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರೊಳಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಕಡಿತ ಅಂತ ಇತ್ತು. ನಿಮ್ಮ ವರ್ಷದ ದಿನಾಂಕ ನೋಡಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಅಧಿಕಾರ ಸಂಸ್ಥೆಗೆ ಇಲ್ಲ. ತೋರಿಸಿ, ನಕಲು ಕೊಟ್ಟು, ಮೂಲ ವಾಪಸ್ ತನ್ನಿ.

ಕೆಇಎಯಲ್ಲಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಶಾಖೆಗಳ ಪಟ್ಟಿ ಮಾಡುವಾಗ ನಿಮಗೆ ಬೇಕಾದ ಕ್ರಮದಲ್ಲೇ ಹಾಕಿ. "ಇದು ಸಿಗೂದಿಲ್ಲ" ಅಂತ ಮೇಲಿನದನ್ನು ಬಿಡಬೇಡಿ, ಅದು ಹಾಕಿದ್ದರಿಂದ ಕೆಳಗಿನ ಸೀಟೇನೂ ತಪ್ಪುವುದಿಲ್ಲ. ಸಿಕ್ಕರೂ ಹೋಗಲ್ಲ ಅನ್ನುವ ಕಾಲೇಜನ್ನು ಮಾತ್ರ ಹಾಕಬೇಡಿ. ಸೈಬರ್ ಕೆಫೆಯವನ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ, ಮಗುವನ್ನೇ ಕೂರಿಸಿ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರುತ್ತದೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್. ಒಂದನೆಯದು, ಒಪ್ಪಿದೆ, ಹಣ ಕಟ್ಟಿ ಸೇರುತ್ತೇನೆ. ಎರಡನೆಯದು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ಪೂರ್ತಿ ಹೊರಗೆ. ಹೊರ ರಾಜ್ಯದ ಸೀಟು ಇನ್ನೂ ಕೈಗೆ ಬಂದಿಲ್ಲ, ಬರುತ್ತದೆ ಅಂತ ಕಾಯುತ್ತಿರುವವರು ನಾಲ್ಕನೆಯದನ್ನು ಒತ್ತಬೇಡಿ. ಎರಡನೆಯದು ಒತ್ತಿದವರು ಒಂದು ನೆನಪಿಡಿ: ಮೇಲಿನದು ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ಹೋಗುತ್ತದೆ, ಮರಳಿ ಕೇಳುವಂತಿಲ್ಲ. ಕೊನೆಗೆ ಹೊರಗೆ ಸೇರುವುದು ಖಚಿತವಾದರೆ ಕೆಇಎ ಕೊಟ್ಟ ಗಡುವಿನೊಳಗೇ ಇಲ್ಲಿನ ಸೀಟು ರದ್ದು ಮಾಡಿ. ಗಡುವು ದಾಟಿದರೆ ಕಟ್ಟಿದ ಹಣ ಹೋಗುತ್ತದೆ, ಆ ಸೀಟೂ ಯಾರಿಗೂ ಸಿಗದೆ ಖಾಲಿ ಉಳಿಯುತ್ತದೆ.